ಹದಿಹರೆಯದವರ ಮನಸ್ಸಿಗೆ ಒಂಬತ್ತು ಪ್ರಶ್ನೆ: ಕನ್ನಡದಲ್ಲಿ ಪರೀಕ್ಷಿಸಿ ನೋಡುವುದು ಹೇಗೆ?

ಹೊಂಗೆನೆರಳು (ಆಪ್ತಸಮಾಲೋಚಕಿ, ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ವಾರಕ್ಕೆ ಮೂರು ದಿನ ಮೂರು ಪ್ರೌಢಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತನಾಡುವುದು ನನ್ನ ಕೆಲಸ. ಎಂಟರಿಂದ ಹತ್ತನೆಯ ತರಗತಿಯ ಎಲ್ಲರಿಗೂ ಒಂದು ಚಿಕ್ಕ ಪ್ರಶ್ನಾವಳಿ ಕೊಟ್ಟು, ಯಾರಿಗೆ ನೆರವು ಬೇಕೆಂದು ಗುರುತಿಸೋಣ ಎಂಬ ಮಾತು ಈ ವರ್ಷ ನಮ್ಮಲ್ಲಿ ನಡೆದಿದೆ. ಆರಿಸಿರುವುದು ಪಿಎಚ್‌ಕ್ಯೂ-9. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ರಿಂದ 3 ಅಂಕ (ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಡಿಮೆ ದಿನವೂ ಎಂದರೆ 3), ಹೆಚ್ಚೆಂದರೆ 27. ಖಿನ್ನತೆಯನ್ನು ಅಳೆಯಲು 2001ರಲ್ಲಿ ಪ್ರಕಟವಾದದ್ದು. ಬಳಸಲು ಹಣ ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ, ಐದು ನಿಮಿಷದಲ್ಲಿ ಮುಗಿಯುತ್ತದೆ.

ಹಂಚುವ ಮುನ್ನ ಎಂಟು ಮಕ್ಕಳನ್ನು ಮರದ ಕೆಳಗೆ ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಓದಿ, "ಇದನ್ನು ಕೇಳಿದಾಗ ನಿನಗೆ ಏನು ಹೊಳೆಯಿತು?" ಎಂದು ಕೇಳಿದೆ. ನಮ್ಮ ಕೈಗೆ ಬಂದಿದ್ದ ಪ್ರತಿಯಲ್ಲಿ ಯಾರೋ ಸುಲಭವಾಗಲೆಂದು "ಬೇಜಾರು" ಎಂಬ ಪದ ಹಾಕಿದ್ದರು. ಒಬ್ಬ ಹುಡುಗ ಹಿಂದೆಮುಂದೆ ನೋಡದೆ 3ಕ್ಕೆ ಗುರುತು ಹಾಕಿದ. ಏಕೆಂದು ಕೇಳಿದರೆ, "ಗಣಿತದ ಪಿರಿಯಡ್‌ನಲ್ಲಿ ದಿನವೂ ಬೇಜಾರು ಮೇಡಂ" ಎಂದ. ಅವನ ಪಕ್ಕದಲ್ಲಿದ್ದ ಹುಡುಗಿ ಸಾಕಿದ ಅಜ್ಜಿಯನ್ನು ಕಳೆದುಕೊಂಡು ಒಂದು ತಿಂಗಳಾಗಿತ್ತು, ಊಟ ಸೇರುತ್ತಿರಲಿಲ್ಲ. ಅವಳು ಹಾಕಿದ್ದು 0. "ನನಗೆ ಬೇಜಾರಿಲ್ಲ ಮೇಡಂ. ಎದೆಯಲ್ಲಿ ಏನೋ ಕಟ್ಟಿಕೊಂಡ ಹಾಗಿದೆ, ಅಷ್ಟೇ."

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಹಾಳೆಯನ್ನು ಆರುನೂರು ಮಕ್ಕಳಿಗೆ ಕೊಟ್ಟು, ಬಂದ ಅಂಕವನ್ನು ನಂಬಿ, ಆ ಹುಡುಗನನ್ನು ಆಸ್ಪತ್ರೆಗೆ ಕಳಿಸಿ ಈ ಹುಡುಗಿಯನ್ನು ಮನೆಗೆ ಕಳಿಸುವುದೇ? ಬಲ್ಲವರು ಹೇಳಿ. ಒಂದು ಚಿಕ್ಕ ಪ್ರಶ್ನಾವಳಿ "ಪರೀಕ್ಷಿಸಲ್ಪಟ್ಟಿದೆ" ಎಂದರೆ ನಿಜವಾಗಿ ಅರ್ಥವೇನು?

ಎಣಿಕೆಮನೆ (ಸಂಖ್ಯಾಶಾಸ್ತ್ರ ವಿದ್ಯಾರ್ಥಿ, ಧಾರವಾಡ)

ಹೊಂಗೆನೆರಳು ಮೇಡಂ, ಪದದ ವಿಷಯ ಬಲ್ಲವರು ಬರುತ್ತಾರೆ. ನಾನು ಅಂಕದ ಬಗ್ಗೆ ಹೇಳುತ್ತೇನೆ.

ಪ್ರಶ್ನಾವಳಿಯನ್ನು ಪರೀಕ್ಷಿಸುವವರು ಮಕ್ಕಳಿಂದ ಹಾಳೆ ತುಂಬಿಸಿಕೊಂಡು, ಅದೇ ಮಕ್ಕಳನ್ನು ತರಬೇತಿ ಪಡೆದವರಿಂದ ಪೂರ್ಣ ಸಂದರ್ಶನ ಮಾಡಿಸುತ್ತಾರೆ. ಸಂದರ್ಶನ ಮಾಡುವವರಿಗೆ ಹಾಳೆಯ ಅಂಕ ಗೊತ್ತಿರಬಾರದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಿಜವಾಗಿ ಖಿನ್ನತೆ ಇದ್ದವರಲ್ಲಿ ಎಷ್ಟು ಮಂದಿಯನ್ನು ಹಾಳೆ ಹಿಡಿಯಿತು, ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು ಎಂಬುದೇ ಲೆಕ್ಕ. ಅಮೆರಿಕದಲ್ಲಿ 13ರಿಂದ 17 ವರ್ಷದ 442 ಮಕ್ಕಳ ಮೇಲೆ ಹೀಗೆ ಮಾಡಿ 2010ರಲ್ಲಿ ಪ್ರಕಟಿಸಿದರು. ಗಡಿ ಅಂಕ 11 ಎಂದಿಟ್ಟಾಗ, ಅಂದರೆ 11 ಅಥವಾ ಹೆಚ್ಚು ಬಂದವರನ್ನು ಗುರುತಿಸಿದಾಗ, ಇದ್ದವರಲ್ಲಿ ಶೇ. 89.5 ಮಂದಿ ಸಿಕ್ಕರು, ಇಲ್ಲದವರಲ್ಲಿ ಶೇ. 77.5 ಮಂದಿ ಸರಿಯಾಗಿ ಹೊರಗುಳಿದರು.

ಕೇಳಲು ಚೆನ್ನಾಗಿದೆ. ಆದರೆ ಸಾವಿರ ಮಕ್ಕಳಿಗೆ ಹಂಚಿದಿರಿ, ಅವರಲ್ಲಿ 50 ಮಂದಿಗೆ ನಿಜವಾಗಿ ಖಿನ್ನತೆ ಇದೆ ಎಂದು ಇಟ್ಟುಕೊಳ್ಳೋಣ. ಹಾಳೆ ಸುಮಾರು 45 ಮಂದಿಯನ್ನು ಹಿಡಿಯುತ್ತದೆ. ಉಳಿದ 950ರಲ್ಲಿ ಶೇ. 22.5 ಎಂದರೆ 214 ಮಂದಿ ತಪ್ಪಾಗಿ ಸೇರುತ್ತಾರೆ. ಒಟ್ಟು 259 ಹೆಸರು, ಅದರಲ್ಲಿ ನಿಜವಾದವರು 45. ಸುಮಾರು ಆರರಲ್ಲಿ ಒಬ್ಬರು ಅಷ್ಟೇ. ಒಬ್ಬೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತನಾಡಿದರೂ 86 ಗಂಟೆ ಬೇಕು. ಆ 86 ಗಂಟೆ ನಿಮ್ಮ ಬಳಿ ಇದೆಯೇ ಎಂಬುದನ್ನು ಹಾಳೆ ಅಚ್ಚು ಹಾಕಿಸುವ ಮೊದಲೇ ಕೇಳಿಕೊಳ್ಳಬೇಕು.

ಮಲ್ಲಿಗೆಬಳ್ಳಿ (ತಾಯಿ, ಮೈಸೂರು)

ಲೆಕ್ಕ ನನಗೆ ಬಾರದು, ಆದರೆ ಆ 214 ಮಕ್ಕಳಲ್ಲಿ ಒಬ್ಬಳು ನನ್ನ ಮಗಳು. ಎರಡು ವರ್ಷದ ಹಿಂದೆ ಅವಳ ಶಾಲೆಯಲ್ಲಿ ಇಂಥದ್ದೇ ಹಾಳೆ ತುಂಬಿಸಿದರು. ನಮಗೆ ಒಂದು ಮಾತು ತಿಳಿಸಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ವಾರ ಅದು; ನಿದ್ದೆ ಇಲ್ಲ, ಹಸಿವಿಲ್ಲ, ಸುಸ್ತು, ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದು ಉಳಿದ ಮಕ್ಕಳ ಹಾಗೆ ಅವಳೂ ಬರೆದಿದ್ದಾಳೆ. ಅಂಕ 13 ಬಂತಂತೆ. ತರಗತಿಯ ಶಿಕ್ಷಕರು ಎಲ್ಲರ ಮುಂದೆ, "ನಿಮ್ಮಲ್ಲಿ ನಾಲ್ವರ ಪಾಲಕರನ್ನು ಕರೆಸಬೇಕು" ಎಂದು ಹೆಸರು ಓದಿದರು. ಆ ಸಂಜೆಯಿಂದ ಅವಳಿಗೆ ನಿಜವಾಗಿಯೂ ಊಟ ಸೇರಲಿಲ್ಲ. ಯಾರನ್ನೂ ದೂರಲು ಬರೆಯುತ್ತಿಲ್ಲ. ಹಾಳೆಯನ್ನು ಪರೀಕ್ಷಿಸುವವರು ಅದನ್ನು ಯಾರು, ಯಾವ ವಾರ, ಯಾವ ಕೋಣೆಯಲ್ಲಿ ಕೊಡುತ್ತಾರೆ ಎಂಬುದನ್ನೂ ಪರೀಕ್ಷಿಸಬೇಡವೇ?

ಹೊಂಗೆನೆರಳು

ಮಲ್ಲಿಗೆಬಳ್ಳಿ ಅಕ್ಕಾ, ನಿಮ್ಮ ಮಾತು ಎದೆಗೆ ನಾಟಿತು. ನಮ್ಮಲ್ಲಿ ಯೋಚಿಸಿದ್ದೂ ಫೆಬ್ರವರಿಯಲ್ಲೇ, ಎಸ್ಸೆಸ್ಸೆಲ್ಸಿಗೆ ಮುಂಚೆ "ಒತ್ತಡ ಇರುವವರನ್ನು ಹುಡುಕೋಣ" ಎಂದು. ಆ ತಿಂಗಳು ಬಿಟ್ಟುಬಿಡುತ್ತೇವೆ. ಮಗಳು ಈಗ ಹೇಗಿದ್ದಾಳೆ?

ಮಲ್ಲಿಗೆಬಳ್ಳಿ

ಚೆನ್ನಾಗಿದ್ದಾಳೆ, ಪಿಯುಸಿ ಎರಡನೆಯ ವರ್ಷ. ಕೇಳಿದ್ದಕ್ಕೆ ಸಂತೋಷ.

ಪಶ್ಚಿಮಗಾಳಿ (ಶಿಕ್ಷಕ, ಕುಂದಾಪುರ ಕಡೆ)

"ಬೇಜಾರು" ನಮ್ಮ ಕಡೆ ಇನ್ನೂ ಬೇರೆ. ಇಲ್ಲಿ ಮಗು "ನನಗೆ ಬೇಜಾರಾಯಿತು" ಎಂದರೆ ಯಾರೋ ಮನಸ್ಸು ನೋಯಿಸಿದ್ದಾರೆ ಎಂದು ಅರ್ಥ. ಚಿಂತೆಗೆ ನಮ್ಮ ಮಕ್ಕಳು ಹೇಳುವುದು ಮಂಡೆಬಿಸಿ. "ಆತಂಕ" ಎಂದು ಅಚ್ಚಾದ ಹಾಳೆ ಕೊಟ್ಟರೆ ಹತ್ತನೆಯ ತರಗತಿಯಲ್ಲೂ ಅರ್ಧ ಮಂದಿ ನನ್ನ ಮುಖ ನೋಡುತ್ತಾರೆ. "ಟೆನ್ಷನ್" ಎಂದರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಆ ಪದದೊಳಗೆ ಸಿಟ್ಟು, ಭಯ, ಅವಸರ ಎಲ್ಲವೂ ತುಂಬಿಕೊಂಡಿವೆ. ಒಂದೇ ಕನ್ನಡ ರೂಪ ಇಡೀ ರಾಜ್ಯಕ್ಕೆ ಸಾಕೇ?

ಕಂದೀಲು (ಮನೋವೈದ್ಯಕೀಯ ಕ್ಷೇತ್ರದಲ್ಲಿ ಕೆಲಸ, ಬೆಂಗಳೂರು)

ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ. ಈ ವಿಷಯದಲ್ಲಿ ಅವಸರದಿಂದ ಆಗುವ ಹಾನಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹೊಂಗೆನೆರಳು ಅವರೇ, ನೀವು ಮರದ ಕೆಳಗೆ ಮಾಡಿದ್ದೇ ಪರೀಕ್ಷೆಯ ಮೊದಲ ಹೆಜ್ಜೆ. ಬಹಳ ಕಡೆ ಅದನ್ನೇ ಬಿಡುತ್ತಾರೆ. ಒಬ್ಬರು ಕನ್ನಡಕ್ಕೆ ತರುತ್ತಾರೆ, ಇನ್ನೊಬ್ಬರು ಮೂಲವನ್ನು ನೋಡದೆ ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡೂ ಹೊಂದಿದರೆ ಅನುವಾದ ಸರಿ ಎನ್ನುತ್ತಾರೆ. ಇಬ್ಬರೂ ಓದಿದವರು, "ಬೇಜಾರು" ಎಂದರೆ ದುಃಖ ಎಂದೇ ಇಬ್ಬರೂ ತಿಳಿಯುತ್ತಾರೆ, ಕಾಗದದ ಮೇಲೆ ಎಲ್ಲವೂ ಹೊಂದುತ್ತದೆ. ಗಣಿತದ ಪಿರಿಯಡ್‌ನ ಹುಡುಗ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಪ್ರಶ್ನೆ ಚಿಕ್ಕದಾದಷ್ಟೂ ಇದರ ಪೆಟ್ಟು ದೊಡ್ಡದು. ನಲವತ್ತು ಪ್ರಶ್ನೆಗಳಲ್ಲಿ ಒಂದು ಕೆಟ್ಟರೆ ಅಂಕ ಅಷ್ಟಾಗಿ ಅಲುಗುವುದಿಲ್ಲ. ಒಂಬತ್ತರಲ್ಲಿ ಎರಡು ಕೆಟ್ಟರೆ ಆರು ಅಂಕ ಹೋಯಿತು.

ಗಡಿ ಅಂಕದ ವಿಷಯ ಇನ್ನೂ ಗಂಭೀರ. ಎಣಿಕೆಮನೆ ಹೇಳಿದ 11 ಅಮೆರಿಕದ ಮಕ್ಕಳದು. ಅದೇ ಪ್ರಶ್ನಾವಳಿಯನ್ನು ಭಾರತದ ಹದಿಹರೆಯದವರ ಮೇಲೆ ಸಂದರ್ಶನದೊಂದಿಗೆ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜರಡಿ ಹಿಡಿಯಲು ಸೂಕ್ತವೆಂದು ಕಂಡ ಅಂಕ 5. ಅಲ್ಲಿ ಹನ್ನೊಂದು, ಇಲ್ಲಿ ಐದು! ನಮ್ಮ ಮಕ್ಕಳು ಕಡಿಮೆ ನೊಂದಿದ್ದಾರೆ ಎಂದು ಇದರ ಅರ್ಥವಲ್ಲ. ನೋವನ್ನು ಎಷ್ಟರ ಮಟ್ಟಿಗೆ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾರೆ, ಯಾವ ಪ್ರಶ್ನೆಗೆ ಒಪ್ಪಿಕೊಳ್ಳುತ್ತಾರೆ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಹೊರಗಿನ ಗಡಿ ಅಂಕವನ್ನು ಹಾಗೆಯೇ ತಂದು ಹಾಕಿದರೆ ಐದರಿಂದ ಹತ್ತರ ನಡುವೆ ಕುಳಿತಿರುವ ಮಕ್ಕಳು ಪೂರ್ತಿ ಕಣ್ಮರೆಯಾಗುತ್ತಾರೆ.

ಮಕ್ಕಳ ಭಾವನೆ, ನಡವಳಿಕೆಗಳನ್ನು ನೋಡುವ ಎಸ್‌ಡಿಕ್ಯೂ ಎಂಬ ಇನ್ನೊಂದು ಪ್ರಶ್ನಾವಳಿ ಇದೆ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು, 25 ಪ್ರಶ್ನೆ, ಐದೈದರ ಐದು ಗುಂಪು. 11ರಿಂದ 17 ವರ್ಷದವರು ತಾವೇ ತುಂಬಬಹುದು. ಅದರಲ್ಲಿ ತಲೆನೋವು, ಹೊಟ್ಟೆನೋವು, ಹುಷಾರು ತಪ್ಪುವುದು ಇವನ್ನು ಸೇರಿಸಿದ ಒಂದು ಪ್ರಶ್ನೆ ಮನಸ್ಸಿನ ನೋವನ್ನು ಹಿಡಿಯಲೆಂದೇ ಇದೆ. ನಮ್ಮಲ್ಲಿ ಅದನ್ನು ಹೇಗೆ ಓದುತ್ತೀರಿ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ. ಬೆಳಿಗ್ಗೆ ತಿಂಡಿ ತಿನ್ನದೆ ನಾಲ್ಕು ಕಿಲೋಮೀಟರ್ ನಡೆದು ಬಂದವಳಿಗೆ ತಲೆ ನೋಯುತ್ತದೆ. ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ನುಂಗಿದ ದಿನ ಹೊಟ್ಟೆ ತೊಳಸುತ್ತದೆ. ಆ ಗುರುತು ಮನಸ್ಸಿನದೋ ದೇಹದ್ದೋ ಎಂದು ಅಂಕ ಹೇಳುವುದಿಲ್ಲ. ಎದುರು ಕುಳಿತು ಕೇಳಿದವರಿಗಷ್ಟೇ ತಿಳಿಯುತ್ತದೆ.

ಎಸ್‌ಡಿಕ್ಯೂ ಬಳಸುವವರಿಗೆ ಒಂದು ಎಚ್ಚರಿಕೆ: ಅದರ ಮಾತುಗಳನ್ನು ನಮಗೆ ಬೇಕಾದಂತೆ ತಿದ್ದುವ ಹಕ್ಕು ನಮಗಿಲ್ಲ. ಪದ ಸರಿಯಿಲ್ಲ ಎನಿಸಿದರೆ ಬರೆದಿಟ್ಟುಕೊಂಡು ಅದರ ಹಕ್ಕುದಾರರಿಗೆ ತಿಳಿಸಬೇಕು.

ಎಣಿಕೆಮನೆ

ಕಂದೀಲು ಸರ್, ಎಸ್‌ಡಿಕ್ಯೂ ಬಗ್ಗೆ ನಾನೂ ಓದಿದ್ದೇನೆ. 2001ರಲ್ಲಿ ಗುಡ್‌ಮನ್ ಬ್ರಿಟನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಮಕ್ಕಳು ತಾವೇ ತುಂಬಿದ ಹಾಳೆಗಳಲ್ಲಿ ಗೆಳೆಯರೊಂದಿಗಿನ ತೊಂದರೆಯ ಐದು ಪ್ರಶ್ನೆಗಳು ಒಂದಕ್ಕೊಂದು ಕೂಡಿಕೊಳ್ಳಲೇ ಇಲ್ಲ. ಆ ಹೊಂದಾಣಿಕೆಯ ಅಳತೆ 0.41, ಸಾಮಾನ್ಯವಾಗಿ 0.7 ಇದ್ದರೆ ಸರಿ ಎನ್ನುತ್ತಾರೆ. ಅದನ್ನು ಮಾಡಿದವರೇ ಮುಚ್ಚಿಡದೆ ಪ್ರಕಟಿಸಿದರು ಎಂಬುದು ನನಗೆ ಬಹಳ ಹಿಡಿಸಿತು.

ಆದರೆ ಆ ಸಂಖ್ಯೆ ಹೆಚ್ಚಿದ್ದರೆ ಹಾಳೆ ಒಳ್ಳೆಯದು ಎಂದು ತಿಳಿಯುವುದೂ ತಪ್ಪು. "ದುಃಖವಾಗುತ್ತದೆಯೇ", "ಮನಸ್ಸು ನೊಂದಿದೆಯೇ", "ಅಳು ಬರುತ್ತದೆಯೇ" ಎಂದು ಒಂದನ್ನೇ ಮೂರು ಬಾರಿ ಕೇಳಿದರೆ ಸಂಖ್ಯೆ ಏರುತ್ತದೆ, ಆದರೆ ನಿದ್ದೆ, ಸಿಟ್ಟು, ಆಟ ಬಿಟ್ಟು ಮೂಲೆ ಸೇರುವುದು ಎಲ್ಲವೂ ಹೊರಗೆ ಉಳಿಯುತ್ತವೆ. ಉದ್ದದ ಪ್ರಶ್ನಾವಳಿಯನ್ನು ಕತ್ತರಿಸಿ ಚಿಕ್ಕದು ಮಾಡುವವರು ಇನ್ನೊಂದು ತಪ್ಪು ಮಾಡುತ್ತಾರೆ. ಮಕ್ಕಳಿಂದ ಉದ್ದದ್ದನ್ನೇ ತುಂಬಿಸಿ, ಅದರೊಳಗಿನ ಎಂಟು ಪ್ರಶ್ನೆ ಹೆಕ್ಕಿ, "ನೋಡಿ, ಚಿಕ್ಕದರ ಅಂಕ ಉದ್ದದರ ಅಂಕಕ್ಕೆ ಎಷ್ಟು ಹೊಂದುತ್ತದೆ" ಎನ್ನುತ್ತಾರೆ. ಅವೇ ಉತ್ತರಗಳು ಎರಡು ಕಡೆಯೂ ಇರುವಾಗ ಹೊಂದದೆ ಇರುತ್ತದೆಯೇ? 2000ರಲ್ಲಿ ಗ್ರೆಗರಿ ಸ್ಮಿತ್ ಮತ್ತು ಸಂಗಡಿಗರು ಇಂಥ ತಪ್ಪುಗಳ ಬಗ್ಗೆಯೇ ಒಂದು ಲೇಖನ ಬರೆದರು. ಚಿಕ್ಕದನ್ನು ಚಿಕ್ಕದಾಗಿಯೇ ಹೊಸ ಮಕ್ಕಳಿಗೆ ಕೊಟ್ಟು ನೋಡಬೇಕು.

ಹಳ್ಳಿದಾರಿ (ಆರೋಗ್ಯ ಇಲಾಖೆ, ಕೊಪ್ಪಳ ಜಿಲ್ಲೆ)

ಎಲ್ಲರ ಮಾತು ಓದಿದೆ. ಒಂದು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನೀವು ಪರೀಕ್ಷೆ ಮುಗಿಸುವವರೆಗೆ ನಾವು ಏನು ಮಾಡಬೇಕು? ಹತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಶಾಲೆಯಲ್ಲಿ ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು, ಹೇಳಿದ ಕೆಲಸ ಮಾಡಿ, ಮನೆಗೆ ಹೋಗುವ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಬಾರಿ ಹೀಗೆಯೇ ಒಂದು ಹಾಳೆ ತುಂಬಿಸಿದಾಗ ಅಂಥ ಒಬ್ಬಳು ಕೊನೆಯ ಪ್ರಶ್ನೆಗೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂಬ ಯೋಚನೆ ಬರುತ್ತದೆಯೇ ಎಂಬುದಕ್ಕೆ, ಗುರುತು ಹಾಕಿದ್ದಳು. ಆ ಹಾಳೆಯನ್ನು ಕರ್ನಾಟಕದಲ್ಲಿ ಯಾರಾದರೂ ಪರೀಕ್ಷಿಸಿದ್ದರೇ ಇಲ್ಲವೇ ನನಗೆ ಗೊತ್ತಿರಲಿಲ್ಲ. ಅಂದೇ ಅವಳ ಜೊತೆ ಕುಳಿತೆ. ಮಾರನೆಯ ದಿನ ಅವಳ ತಾಯಿಯನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದೆವು. ಈಗ ಅವಳು ಟೈಲರಿಂಗ್ ಮಾಡುತ್ತಾಳೆ, ಸಂತೆಯಲ್ಲಿ ಸಿಕ್ಕರೆ ಮಾತನಾಡಿಸುತ್ತಾಳೆ.

ಆದ್ದರಿಂದ ಹಾಳೆ ಬೇಡ ಎನ್ನಬೇಡಿ. ಕೊರತೆ ಇರುವ ಜರಡಿಯಾದರೂ ಇರಲಿ.

ಕಂದೀಲು

ಹಳ್ಳಿದಾರಿ ಅವರೇ, ನಿಮ್ಮ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆ ಕೊನೆಯ ಪ್ರಶ್ನೆ ಕೇಳಿದರೆ ಮಕ್ಕಳ ತಲೆಗೆ ನಾವೇ ಯೋಚನೆ ತುಂಬಿದಂತೆ ಎಂದು ಹೆದರುವವರು ಬಹಳ. ನ್ಯೂಯಾರ್ಕ್ ರಾಜ್ಯದ ಆರು ಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವಾಗಲಿ ಆ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಕೇಳುವುದು ಅಪಾಯವಲ್ಲ. ಕೇಳಿ, ಹಾಳೆಯನ್ನು ಕಟ್ಟಿ ಕಪಾಟಿನಲ್ಲಿಟ್ಟು, ಮುಂದಿನ ತಿಂಗಳು ಅಂಕ ಎಣಿಸುವುದು ಅಪಾಯ. ನೀವು ಅಂದೇ ಕುಳಿತಿರಿ. ಆ ಪ್ರಶ್ನೆಗೆ 1 ಎಂದು ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆ ಇದ್ದರೂ, ಅದೇ ದಿನ ಒಬ್ಬರು ಆ ಮಗುವಿನ ಜೊತೆ ಕೂರಬೇಕು. ಇದನ್ನು ಓದುತ್ತಿರುವ ಮಕ್ಕಳೇ ಆಗಲಿ ಪಾಲಕರೇ ಆಗಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಕೊರತೆಯ ಜರಡಿ ಇರಲಿ ಎಂಬುದಕ್ಕೆ ಒಂದೇ ಮಾತು ಸೇರಿಸುತ್ತೇನೆ: ಕೊರತೆ ಎಲ್ಲಿದೆ ಎಂದು ತಿಳಿದಿರಬೇಕು. ಬೆಂಗಳೂರಿನ ನಗರ, ಕೊಳೆಗೇರಿ, ಹಳ್ಳಿಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲು ಜರಡಿ ಹಿಡಿದು, ಆಮೇಲೆ ವಿವರವಾಗಿ ಪರೀಕ್ಷಿಸಿದರು, ಶೇ. 12.5 ಮಕ್ಕಳಲ್ಲಿ ತೊಂದರೆ ಕಂಡಿತು. ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಕಂಡದ್ದು ಶೇ. 7.3. ವಯಸ್ಸು ಬೇರೆ, ಪ್ರಶ್ನೆ ಬೇರೆ, ಊರು ಬೇರೆ. ಆ ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲೇ ಇಲ್ಲ. ಅಳತೆಗೋಲು ಬದಲಾದರೆ ಸಂಖ್ಯೆ ಬದಲಾಗುತ್ತದೆ. ಶಾಲೆಯ ಹಾಳೆಯಿಂದ "ನಮ್ಮ ತಾಲ್ಲೂಕಿನಲ್ಲಿ ಶೇ. 30 ಮಕ್ಕಳಿಗೆ ಖಿನ್ನತೆ" ಎಂದು ಯಾರಾದರೂ ಪತ್ರಿಕೆಗೆ ಕೊಟ್ಟರೆ ದಯವಿಟ್ಟು ತಡೆಯಿರಿ.

ನೀಲಿಶಾಯಿ (ಪದವಿ ವಿದ್ಯಾರ್ಥಿನಿ, 19 ವರ್ಷ)

ಇಲ್ಲಿ ಬರೆದವರಲ್ಲಿ ಹಾಳೆ ತುಂಬಿದವಳು ನಾನೊಬ್ಬಳೇ ಇರಬೇಕು. ಒಂಬತ್ತನೆಯ ತರಗತಿಯಲ್ಲಿ ಎಲ್ಲಕ್ಕೂ 0 ಹಾಕಿದೆ. ನಿಜ ಹೇಳಬೇಕೆಂದರೆ ಆಗ ನಾನು ತುಂಬಾ ಕೆಟ್ಟ ಸ್ಥಿತಿಯಲ್ಲಿದ್ದೆ. ಹಾಳೆಯ ಮೇಲೆ ಹೆಸರು, ರೋಲ್ ನಂಬರ್ ಬರೆಯಬೇಕಿತ್ತು. ಒಂದೇ ಬೆಂಚಿನಲ್ಲಿ ಮೂವರು. ಹಿಂದಿನಿಂದ ಮುಂದಕ್ಕೆ ಹಾಳೆಗಳನ್ನು ಕೈಯಿಂದ ಕೈಗೆ ಸಾಗಿಸಿದರು. ನಾನು ಬರೆದದ್ದನ್ನು ಐದು ಮಂದಿ ನೋಡಬಹುದಿತ್ತು. ಪ್ರಶ್ನೆಗಳೆಲ್ಲ ನನಗೆ ಅರ್ಥವಾಗಿದ್ದವು, ಒಂದೊಂದೂ ನನ್ನ ಬಗ್ಗೆಯೇ ಬರೆದ ಹಾಗಿತ್ತು. ಅದಕ್ಕೇ ಹೆದರಿ 0 ಹಾಕಿದೆ.

ಆಮೇಲೆ ಆಟದ ಮೇಷ್ಟ್ರು ಒಬ್ಬರು, "ಏನಮ್ಮಾ, ಎರಡು ವಾರದಿಂದ ಖೋಖೋಗೆ ಬರುತ್ತಿಲ್ಲ?" ಎಂದು ಕೇಳಿದರು. ಅವರ ಬಳಿ ಯಾವ ಹಾಳೆಯೂ ಇರಲಿಲ್ಲ. ನಾನು ಅತ್ತುಬಿಟ್ಟೆ.

ಪಶ್ಚಿಮಗಾಳಿ

ನೀಲಿಶಾಯಿ, ಬರೆದದ್ದಕ್ಕೆ ಧನ್ಯವಾದ ಮಗಳೇ. ನಾಳೆಯಿಂದ ನನ್ನ ತರಗತಿಯಲ್ಲಿ ಯಾವ ಹಾಳೆಯೂ ಹೀಗೆ ಕೈಯಿಂದ ಕೈಗೆ ಸಾಗುವುದಿಲ್ಲ.

ಕಂದೀಲು

ನೀಲಿಶಾಯಿ ಅವರು ಹೇಳಿದ್ದು ಯಾವ ಅಂಕಿ-ಅಂಶದಲ್ಲೂ ಬರುವುದಿಲ್ಲ, ಏಕೆಂದರೆ ಎಲ್ಲ 0 ಎಂದು ಬರೆದ ಹಾಳೆಯನ್ನು ಯಾರೂ ಎರಡನೆಯ ಬಾರಿ ನೋಡುವುದಿಲ್ಲ. ಅದಕ್ಕಾಗಿಯೇ ಪರೀಕ್ಷಿಸುವಾಗ ಕಡಿಮೆ ಅಂಕ ಬಂದವರಲ್ಲಿಯೂ ಕೆಲವರನ್ನು ಚೀಟಿ ಎತ್ತಿ ಆರಿಸಿ ಸಂದರ್ಶನ ಮಾಡಬೇಕು. ಹೆಚ್ಚು ಅಂಕದವರನ್ನಷ್ಟೇ ಮಾತನಾಡಿಸಿದರೆ, ತಪ್ಪಿಹೋದವರು ಎಷ್ಟು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಜಿಂಬಾಬ್ವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1997ರಲ್ಲಿ ಶೋನಾ ಭಾಷೆಯಲ್ಲೇ ಹುಟ್ಟಿದ 14 ಪ್ರಶ್ನೆಗಳ ಪ್ರಶ್ನಾವಳಿ ಪ್ರಕಟಿಸಿದರು. ಅದು ದೊಡ್ಡವರಿಗೆಂದು ಮಾಡಿದ್ದು, ಆದರೆ ದಾರಿ ನಮಗೂ ಆಗುತ್ತದೆ. ಜನ ತಮ್ಮ ಸಂಕಟವನ್ನು ಹೇಳುವ ಮಾತುಗಳನ್ನೇ ಮೊದಲು ಕೂಡಿಸಿದರು. ಅಲ್ಲಿ "ಕುಫುಂಗಿಸಿಸಾ" ಎಂಬ ಪದವಿದೆ, ಅತಿಯಾಗಿ ಯೋಚಿಸುವುದು ಎಂದು ಅರ್ಥ. ನಮ್ಮಲ್ಲಿ "ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎನ್ನುತ್ತೇವಲ್ಲ, ಅದರ ನೆರೆಮನೆಯ ಪದ. ಹದಿಹರೆಯದ ಮಕ್ಕಳ ಬಾಯಿಂದ ಅಂಥ ಮಾತು ಕೂಡಿಸಿ ಕನ್ನಡದಲ್ಲೇ ಪ್ರಶ್ನೆ ಕಟ್ಟುವ ಕೆಲಸ ಆಗಬೇಕು ಎಂಬುದು ನನ್ನ ಬಹುದಿನದ ಆಸೆ.

ಹೊಂಗೆನೆರಳು

ಎಲ್ಲರಿಗೂ ಋಣಿ. ಮುಖ್ಯ ಶಿಕ್ಷಕರೊಂದಿಗೆ ನಿನ್ನೆ ಕುಳಿತು ಮಾತನಾಡಿದೆ. ಈ ವರ್ಷ ಆರುನೂರು ಮಕ್ಕಳಿಗೆ ಹಂಚುವುದಿಲ್ಲ. ಒಂದು ಶಾಲೆ, ಒಂಬತ್ತನೆಯ ತರಗತಿ ಮಾತ್ರ, ಸೆಪ್ಟೆಂಬರ್ ತಿಂಗಳು, ಪಾಲಕರ ಒಪ್ಪಿಗೆ ಪಡೆದು. ಕೈಯಿಂದ ಕೈಗೆ ಬಂದ ಪ್ರತಿ ಬಿಟ್ಟು ಅಧಿಕೃತ ಕನ್ನಡ ರೂಪವನ್ನೇ ಬಳಸುತ್ತೇವೆ, ಅದನ್ನೂ ಮೊದಲು ಮರದ ಕೆಳಗೆ ಓದಿ ನೋಡುತ್ತೇವೆ. ಉತ್ತರಗಳಲ್ಲಿ ಒಂದಾದ "ಅರ್ಧಕ್ಕಿಂತ ಹೆಚ್ಚು ದಿನ" ಎಂಬುದು ಆ ಎಂಟು ಮಕ್ಕಳಲ್ಲಿ ಐವರಿಗೆ ತಿಳಿದಿರಲಿಲ್ಲ. ಹದಿನಾಲ್ಕು ದಿನದ ಕ್ಯಾಲೆಂಡರ್ ಗೋಡೆಗೆ ಅಂಟಿಸುತ್ತೇವೆ. ಮಕ್ಕಳು ದೂರ ದೂರ ಕೂರುತ್ತಾರೆ, ಹಾಳೆ ಲಕೋಟೆಯೊಳಗೆ ನನ್ನ ಕೈಗೇ ಬರುತ್ತದೆ, ಕೊನೆಯ ಪ್ರಶ್ನೆಯನ್ನು ಅಲ್ಲೇ ನೋಡುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನವರು ಆ ವಾರ ಇಬ್ಬರನ್ನು ಕಳಿಸಲು ಒಪ್ಪಿದ್ದಾರೆ. ಕಡಿಮೆ ಅಂಕದವರಲ್ಲೂ ಹತ್ತು ಮಂದಿಯನ್ನು ಚೀಟಿ ಎತ್ತಿ ಮಾತನಾಡಿಸುತ್ತೇವೆ. ಇದು ಅಧ್ಯಯನವಲ್ಲ, ನಮ್ಮ ಹಾಳೆ ನಮ್ಮ ಮಕ್ಕಳಿಗೆ ಎಷ್ಟು ಆಗುತ್ತದೆ ಎಂದು ನಾವೇ ನೋಡಿಕೊಳ್ಳುವುದು.

ಆಟದ ಮೇಷ್ಟ್ರನ್ನೂ ಸೇರಿಸಿಕೊಂಡಿದ್ದೇನೆ, ನೀಲಿಶಾಯಿ.

ಅಜ್ಜಿಯನ್ನು ಕಳೆದುಕೊಂಡ ಹುಡುಗಿಯ ಜೊತೆ ಮೂರು ಬಾರಿ ಕುಳಿತೆ. ಈಗ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದಾಳೆ. ಹಳ್ಳಿದಾರಿ ಅಕ್ಕಾ, ಅವಳು ಹೇಳಿದ "ಎದೆಯಲ್ಲಿ ಕಟ್ಟಿಕೊಂಡ ಹಾಗಿದೆ" ಎಂಬುದಕ್ಕೆ ನಿಮ್ಮ ಕಡೆಯ ಮಕ್ಕಳು ಏನು ಹೇಳುತ್ತಾರೆ?

ಹಳ್ಳಿದಾರಿ

ನಮ್ಮ ಕಡೆ "ಜೀವಕ್ಕೆ ಸಮಾಧಾನವಿಲ್ಲ" ಎನ್ನುತ್ತಾರೆ. ಹುಡುಗರು ಅದನ್ನೂ ಹೇಳುವುದಿಲ್ಲ, "ತಲೆ ಕೆಟ್ಟಿದೆ" ಎಂದು ಎದ್ದು ಹೋಗುತ್ತಾರೆ. ಇನ್ನೂ ಕೆಲವು ಮಾತುಗಳಿವೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಭಾನುವಾರ ಕುಳಿತು ಇಲ್ಲಿ ಹಾಕುತ್ತೇನೆ. ಕಂದೀಲು ಸರ್ ನೋಡಲಿ.